ದೀಪಾವಳಿಯ ಮನೆ, ಮಾಮೂಲಿ ದಿನದ ಪಾಲಿಸಿ

ದೀಪಾವಳಿಯ ಮೂರು ದಿನ ನಮ್ಮ ಮನೆ ವರ್ಷದ ಉಳಿದ ದಿನಗಳ ಮನೆಯಾಗಿರುವುದಿಲ್ಲ. ನೀರು ತುಂಬುವ ಹಬ್ಬದ ಸಂಜೆಯಿಂದ ಬಲಿಪಾಡ್ಯಮಿಯ ರಾತ್ರಿಯವರೆಗೆ ಅಡುಗೆಮನೆಯ ಒಲೆ ಆರುವುದೇ ಅಪರೂಪ. ಕಜ್ಜಾಯ, ಚಕ್ಕುಲಿ, ಕರಿಗಡುಬು ಎಂದು ಬಾಣಲೆಯ ಎಣ್ಣೆ ಕಾಯುತ್ತಲೇ ಇರುತ್ತದೆ. ನರಕ ಚತುರ್ದಶಿಯ ಬೆಳಗಿನ ಜಾವ ಒಬ್ಬರಾದ ಮೇಲೊಬ್ಬರು ಎಣ್ಣೆಸ್ನಾನಕ್ಕೆ ನಿಲ್ಲುವುದರಿಂದ ಗೀಸರಿಗೆ ಬಿಡುವಿಲ್ಲ. ವರ್ಷವಿಡೀ ಬ್ಯಾಂಕಿನ ಲಾಕರಿನಲ್ಲಿದ್ದ ಒಡವೆ ಲಕ್ಷ್ಮೀಪೂಜೆಗೆಂದು ಮನೆಗೆ ಬಂದು, ನೋಟಿನ ಕಂತೆಯ ಪಕ್ಕದಲ್ಲಿ ದೇವರ ಮುಂದೆ ಕೂರುತ್ತದೆ. ಒಂದೇ ಪ್ಲಗ್ಗಿನಿಂದ ಆಕಾಶಬುಟ್ಟಿಗೂ ಸೀರಿಯಲ್ ಸೆಟ್ಟಿಗೂ ಕರೆಂಟು ಹರಿಯುತ್ತದೆ. ಪಟಾಕಿಯ ಚೀಲ ಮಂಚದ ಕೆಳಗೋ ಮೆಟ್ಟಿಲ ಸಂದಿಯಲ್ಲೋ ಇರುತ್ತದೆ. ಬೆಂಕಿ, ಅನಿಲ, ವಿದ್ಯುತ್ತು, ಚಿನ್ನ, ಬಂದುಹೋಗುವ ಜನ ಇವೆಲ್ಲ ಒಟ್ಟಿಗೆ ಹೆಚ್ಚಾಗುವ ಕಾಲ ಇದು. ಊರಿಗೆ ಹೊರಟವರ ಮನೆಗಾದರೆ ಇದೇ ದಿನಗಳಲ್ಲಿ ಬೀಗ ಬಿದ್ದಿರುತ್ತದೆ. ಆದರೆ ವಿಮೆಯ ಪಾಲಿಸಿಗಳು ಕಣ್ಣ ಮುಂದಿಟ್ಟುಕೊಂಡಿರುವುದು ಮಾಮೂಲಿ ದಿನದ ಮನೆಯನ್ನು.

ಹಬ್ಬ ಹತ್ತಿರವಾದಾಗ ಪತ್ರಿಕೆಗಳಲ್ಲಿ, ಟೀವಿಯಲ್ಲಿ ಬರುವ ಬುದ್ಧಿಮಾತು ಸಾಮಾನ್ಯವಾಗಿ ಎರಡೇ ಬಗೆಯದು. ಪಟಾಕಿ ಹಚ್ಚುವಾಗ ಹುಷಾರು ಎನ್ನುವುದು ಒಂದು, ವಿಮೆ ಮಾಡಿಸಿ ಎನ್ನುವುದು ಇನ್ನೊಂದು. ಎರಡೂ ಸರಿಯೇ. ಆದರೆ ನಮ್ಮ ತೊಂದರೆಯ ಬೇರು ಇವೆರಡರಾಚೆಗೆ ಇದೆ. ವಿಮೆ ಇಲ್ಲವೆಂದು ನಾವು ತಿಳಿದಿರುವ ಕಡೆ ಎಷ್ಟೋ ಮನೆಗಳಿಗೆ ಈಗಾಗಲೇ ವಿಮೆ ಇದೆ. ವಿಮೆ ಇದೆ ಎಂದು ನೆಮ್ಮದಿಯಿಂದಿರುವ ಕಡೆ ಇಲ್ಲ. ಇದ್ದದ್ದನ್ನು ಕೇಳಿ ಪಡೆಯುವುದಿಲ್ಲ, ಇಲ್ಲದ್ದನ್ನು ನಂಬಿ ಕೂರುತ್ತೇವೆ. ಈ ತಪ್ಪು ಲೆಕ್ಕಕ್ಕೆ ಬೆಲೆ ತೆರುವ ಸಂದರ್ಭ ಹಬ್ಬದಲ್ಲೇ ಹೆಚ್ಚಾಗಿ ಬರುತ್ತದೆ. ಹಾಗಾಗಿ ಹೊಸ ಪಾಲಿಸಿ ಕೊಳ್ಳುವ ಮಾತಿಗಿಂತ ಮೊದಲು, ಯಾವ ಅಪಾಯಕ್ಕೆ ಯಾವ ಕಾಗದ ಒದಗುತ್ತದೆ, ಯಾವುದಕ್ಕೆ ಯಾವ ಕಾಗದವೂ ಒದಗುವುದಿಲ್ಲ ಎಂದು ಮನೆಮಂದಿ ಕೂತು ನೋಡಬೇಕು. ಸುಣ್ಣಬಣ್ಣದಷ್ಟೇ, ಹೊಸ ಬಟ್ಟೆಯಷ್ಟೇ ಇದೂ ಹಬ್ಬದ ತಯಾರಿ.

ಅಡುಗೆಮನೆಯಿಂದಲೇ ನೋಡೋಣ. ಸರ್ಕಾರಿ ತೈಲ ಕಂಪನಿಗಳ ಅಧಿಕೃತ ಅನಿಲ ಸಂಪರ್ಕ ಪಡೆದ ಪ್ರತಿ ಮನೆಗೂ ಒಂದು ವಿಮೆ ಇದೆ. ಅದಕ್ಕೆ ಗ್ರಾಹಕ ಪ್ರತ್ಯೇಕ ಕಂತು ಕಟ್ಟಬೇಕಿಲ್ಲ, ಅರ್ಜಿ ಹಾಕಬೇಕಿಲ್ಲ, ತೈಲ ಕಂಪನಿಗಳೇ ಎಲ್ಲ ಗ್ರಾಹಕರ ಪರವಾಗಿ ಸಾರ್ವಜನಿಕ ಹೊಣೆಗಾರಿಕೆ ವಿಮೆ ಮಾಡಿಸಿರುತ್ತವೆ. ಸಂಸತ್ತಿನಲ್ಲಿ ಸರ್ಕಾರ ಕೊಟ್ಟಿರುವ ವಿವರದಂತೆ, ಅನಿಲ ಅವಘಡದಲ್ಲಿ ಸಾವು ಸಂಭವಿಸಿದರೆ ತಲಾ 6 ಲಕ್ಷ ರೂಪಾಯಿ, ಗಾಯಾಳುಗಳ ಚಿಕಿತ್ಸೆಗೆ ತಲಾ 2 ಲಕ್ಷದ ಮಿತಿಯಲ್ಲಿ ಒಂದು ಘಟನೆಗೆ ಒಟ್ಟು 30 ಲಕ್ಷದವರೆಗೆ, ನೋಂದಾಯಿತ ವಿಳಾಸದಲ್ಲಿ ಆದ ಆಸ್ತಿ ಹಾನಿಗೆ 2 ಲಕ್ಷದವರೆಗೆ ಪರಿಹಾರವಿದೆ. ಸೊಂಟದೆತ್ತರಕ್ಕೆ ಜ್ವಾಲೆ ಎದ್ದು ಅಡುಗೆಮನೆ ಸುಟ್ಟುಹೋದವರಲ್ಲಿ ಬಹಳ ಜನಕ್ಕೆ ಇದರ ಸುಳಿವೇ ಇರುವುದಿಲ್ಲ. ಮಾಡಬೇಕಾದದ್ದು ಇಷ್ಟೇ: ಅವಘಡವಾದ ಕೂಡಲೇ ಅನಿಲ ವಿತರಕರಿಗೆ ಲಿಖಿತವಾಗಿ ತಿಳಿಸುವುದು, ಪೊಲೀಸರಿಗೆ ದೂರು ಕೊಡುವುದು, ಆಸ್ಪತ್ರೆಯ ಕಾಗದಗಳನ್ನು ಜೋಪಾನ ಮಾಡುವುದು. ಉಳಿದದ್ದನ್ನು ವಿತರಕರು ಕಂಪನಿಗೂ, ಕಂಪನಿ ವಿಮೆಯವರಿಗೂ ಮುಟ್ಟಿಸಬೇಕು.

ಈ ರಕ್ಷೆಗೂ ಅಂಚುಗಳಿವೆ, ಹಬ್ಬ ನಮ್ಮನ್ನು ಆ ಅಂಚಿಗೇ ತಳ್ಳುತ್ತದೆ. ಬೆಂಕಿಗೆ ಮೂಲ ಕಾರಣ ಅಡುಗೆ ಅನಿಲವೇ ಆಗಿರಬೇಕು. ಕಿಟಕಿಯಿಂದ ಒಳಗೆ ಬಿದ್ದ ರಾಕೆಟ್ಟು ಪರದೆಗೆ ಹತ್ತಿ, ಆ ಬೆಂಕಿಯ ಕಾವಿಗೆ ಸಿಲಿಂಡರ್ ಸಿಡಿದರೆ ಮೂಲ ಕಾರಣ ಪಟಾಕಿಯಾಗುತ್ತದೆ, ಅನಿಲವಲ್ಲ. ನೆಂಟರಿಷ್ಟರಿಗೆಲ್ಲ ಒಟ್ಟಿಗೆ ಅಡುಗೆಯೆಂದು ಸಿಲಿಂಡರನ್ನು ಇನ್ನೊಬ್ಬರ ಮನೆಗೋ ಬಯಲಿಗೋ ಒಯ್ದರೆ, ಆಸ್ತಿ ಹಾನಿಯ ಭಾಗ ಕೈತಪ್ಪುತ್ತದೆ. ಏಕೆಂದರೆ ಅದು ನೋಂದಾಯಿತ ವಿಳಾಸಕ್ಕಷ್ಟೇ ಸೀಮಿತ. ಐದು ವರ್ಷ ದಾಟಿದ ರಬ್ಬರ್ ಕೊಳವೆ, ಐಎಸ್‌ಐ ಗುರುತಿಲ್ಲದ ರೆಗ್ಯುಲೇಟರು ಇದ್ದಲ್ಲಿ ಪರಿಹಾರದ ದಾರಿ ಇನ್ನಷ್ಟು ಕಿರಿದಾಗುತ್ತದೆ. ಕೊಳವೆ ಬದಲಿಸುವ ಖರ್ಚು ಕೆಲವು ನೂರು ರೂಪಾಯಿ. ಈ ಒಂದು ಕೆಲಸ ಅವಘಡವನ್ನೂ ತಡೆಯುತ್ತದೆ, ವಿಮೆಯ ಹಕ್ಕನ್ನೂ ಉಳಿಸುತ್ತದೆ. ಸುರಕ್ಷತೆಯನ್ನು ಒಂದು ಕಡೆ, ವಿಮೆಯನ್ನು ಇನ್ನೊಂದು ಕಡೆ ಇಟ್ಟು ನೋಡುವ ರೂಢಿ ಎಷ್ಟು ತಪ್ಪು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇನ್ನು ಪಟಾಕಿಯ ಕಿಡಿಗೆ ಸಿಗುವ ಕಣ್ಣು. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ ಪ್ರತಿ ದೀಪಾವಳಿಗೂ ಹಗಲಿರುಳು ಸಜ್ಜಾಗಿ ನಿಲ್ಲುತ್ತದೆ. ಅಲ್ಲಿಂದ ಪ್ರತಿ ವರ್ಷ ಬರುವ ವರದಿಗಳಲ್ಲಿ ಎರಡು ಸಂಗತಿ ಬದಲಾಗುವುದೇ ಇಲ್ಲ. ಗಾಯಗೊಂಡವರಲ್ಲಿ ಮಕ್ಕಳು ಬಹಳ, ಮತ್ತು ಪಟಾಕಿ ಹಚ್ಚದೆ ಸುಮ್ಮನೆ ನಿಂತು ನೋಡುತ್ತಿದ್ದವರು, ದಾರಿಯಲ್ಲಿ ಹೋಗುತ್ತಿದ್ದವರು ಬಹಳ. ಇಂಥ ಗಾಯಕ್ಕೆ ಒದಗುವ ಕಾಗದವೊಂದಿದೆ: ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ, ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ. ಅದರಲ್ಲಿ ಸಾವಿಗೆ ಅಥವಾ ಎರಡೂ ಕಣ್ಣು ಹೋದರೆ 2 ಲಕ್ಷ, ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೆ 1 ಲಕ್ಷ ರೂಪಾಯಿ ಸಿಗುತ್ತದೆ. 2015ರಲ್ಲಿ ಶುರುವಾದ ಈ ಯೋಜನೆಯ ಕಂತು ಮೊದಲು 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ಆಯಿತು. ಉಳಿತಾಯ ಖಾತೆಯಿಂದ ಹಣ ತಾನಾಗಿ ಕಡಿತವಾಗುವುದರಿಂದ, ತಾವು ಇದಕ್ಕೆ ಸೇರಿದ್ದೇವೆ ಎನ್ನುವುದನ್ನು ಮರೆತವರು ಬಹಳಷ್ಟು ಮಂದಿ. ಮೇ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ವಿಮೆ ಕಡಿದುಹೋಗಿದ್ದರೂ ಅರಿಯದವರೂ ಇದ್ದಾರೆ. ಜೂನ್ 1ರಿಂದ ಮೇ 31ರವರೆಗಿನ ಈ ಅವಧಿಯ ನಡುವೆ ದೀಪಾವಳಿ ಬರುತ್ತದೆ. ಪಾಸ್‌ಬುಕ್ಕಿನಲ್ಲಿ ಆ ಒಂದು ಸಾಲು ಇದೆಯೇ ಎಂದು ನೋಡಲು ಹೆಚ್ಚು ಹೊತ್ತು ಬೇಡ. ಆದರೆ ಈ ಯೋಜನೆ 18ರಿಂದ 70 ವರ್ಷದವರಿಗೆ ಮಾತ್ರ. ಅಂದರೆ ಪಟಾಕಿಯಿಂದ ಯಾರ ಕಣ್ಣು ಹೆಚ್ಚು ಅಪಾಯದಲ್ಲಿದೆಯೋ ಆ ಮಕ್ಕಳೇ ಇದರ ಹೊರಗಿದ್ದಾರೆ.

ಆರೋಗ್ಯ ವಿಮೆ ಇದೆಯಲ್ಲ ಎನ್ನಬಹುದು. ಸಾಮಾನ್ಯ ಆರೋಗ್ಯ ಪಾಲಿಸಿಗಳಲ್ಲಿ ಹೊಸಬರಿಗಿರುವ 30 ದಿನಗಳ ಕಾಯುವ ಅವಧಿ ಅಪಘಾತಕ್ಕೆ ಅನ್ವಯಿಸುವುದಿಲ್ಲ. ಹಬ್ಬಕ್ಕೆ ಒಂದು ವಾರ ಮುಂಚೆ ಪಾಲಿಸಿ ಪಡೆದವರಿಗೂ ಸುಟ್ಟಗಾಯದ ಚಿಕಿತ್ಸೆ ಸಿಗಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಯಲ್ಲಿ ದಾಖಲಾದಾಗ ಅಥವಾ ಒಂದೇ ದಿನದಲ್ಲಿ ಮುಗಿಯುವ ಶಸ್ತ್ರಚಿಕಿತ್ಸೆ ಆದಾಗ. ಕಣ್ಣಿಗೆ ಕಿಡಿ ಹಾರಿ, ತೊಳೆಸಿಕೊಂಡು, ಔಷಧ ಹಾಕಿಸಿಕೊಂಡು, ವಾರಗಟ್ಟಲೆ ತಪಾಸಣೆಗೆ ಓಡಾಡುವ ಖರ್ಚು ಹೊರರೋಗಿ ವಿಭಾಗದ್ದು. ಅದು ನಮ್ಮ ಕೈಯಿಂದಲೇ ಹೋಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಉಳಿದವರಿಗೆ ವೆಚ್ಚದ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ, ಕಾರ್ಡು ಮಾಡಿಸಿಟ್ಟವರಿಗೆ ಇದು ದೊಡ್ಡ ಆಸರೆ. ಆದರೂ ಕಳೆದ ದೃಷ್ಟಿಯನ್ನು ಯಾವ ಕಾರ್ಡೂ ತಂದುಕೊಡಲಾರದು. ಇಲ್ಲಿ ವಿಮೆಯ ಮಾತು ನಿಲ್ಲುತ್ತದೆ, ಎಚ್ಚರದ ಮಾತು ಶುರುವಾಗುತ್ತದೆ. ಮಕ್ಕಳು ಪಟಾಕಿಯ ಹತ್ತಿರ ಇರುವಷ್ಟು ಹೊತ್ತು ಪಕ್ಕದಲ್ಲೇ ಒಬ್ಬ ದೊಡ್ಡವರು ಇರಬೇಕು, ಹಚ್ಚಿಯೂ ಸಿಡಿಯದ ಪಟಾಕಿಯ ಮೇಲೆ ನೀರು ಸುರಿಯಬೇಕೇ ಹೊರತು ಬಾಗಿ ನೋಡಬಾರದು, ಸುಟ್ಟ ಜಾಗಕ್ಕೆ ಅರಿಶಿನ, ಟೂತ್‌ಪೇಸ್ಟು, ಬೆಣ್ಣೆ ಹಚ್ಚದೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು, ಕಣ್ಣಿಗೆ ಪೆಟ್ಟಾದರೆ ಉಜ್ಜದೆ ನೇರ ಆಸ್ಪತ್ರೆಗೆ ಹೋಗಬೇಕು.

ಚಿನ್ನದ ವಿಷಯದಲ್ಲಿ ನಮ್ಮ ನಂಬಿಕೆಗೂ ವಾಸ್ತವಕ್ಕೂ ಇರುವ ಅಂತರ ಎಲ್ಲಕ್ಕಿಂತ ದೊಡ್ಡದು. ಲಾಕರಿನಲ್ಲಿ ಇಟ್ಟ ಒಡವೆಗೆ ಬ್ಯಾಂಕು ಪೂರ್ತಿ ಹೊಣೆ ಎಂದು ಬಹಳ ಮಂದಿ ತಿಳಿದಿದ್ದಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮದಂತೆ, ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ವರ್ಷಕ್ಕೆ 3,000 ರೂಪಾಯಿ ಬಾಡಿಗೆಯಾದರೆ 3 ಲಕ್ಷ. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ದಾಟಿತು. ಅಂದರೆ ಆ 3 ಲಕ್ಷಕ್ಕೆ 30 ಗ್ರಾಂ ಕೂಡ ಬಾರದು. ನೆರೆ, ಭೂಕಂಪ, ಸಿಡಿಲಿನಂಥ ಪ್ರಕೃತಿ ವಿಕೋಪವಾದರೆ ಅದೂ ಇಲ್ಲ. ಲಾಕರಿನೊಳಗೆ ಏನಿದೆ ಎನ್ನುವುದು ಬ್ಯಾಂಕಿಗೆ ಗೊತ್ತಿರುವುದಿಲ್ಲ, ಅದಕ್ಕೆ ವಿಮೆ ಮಾಡಿಸುವ ಹೊಣೆಯೂ ಅದರ ಮೇಲಿಲ್ಲ. ಲಾಕರಿನ ಪಾಡೇ ಹೀಗಿರುವಾಗ, ಲಕ್ಷ್ಮೀಪೂಜೆಗೆಂದು ಮನೆಗೆ ಬಂದ ಒಡವೆಯ ಗತಿ?

ಮನೆ ವಿಮೆ ಇದೆ ಎಂದು ಸುಮ್ಮನಿರುವಂತಿಲ್ಲ. ಭಾರತೀಯ ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ‘ಭಾರತ್ ಗೃಹ ರಕ್ಷಾ’ ಎನ್ನುವ ಏಕರೂಪದ ಪಾಲಿಸಿಯನ್ನು ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುತ್ತವೆ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ನೀರಿನ ಟ್ಯಾಂಕು ಒಡೆಯುವುದು ಎಲ್ಲ ಅದರಲ್ಲಿ ಸೇರಿವೆ. ಕಳವು ಕೂಡ ಇದೆ, ಆದರೆ ಒಂದು ಷರತ್ತಿನ ಮೇಲೆ: ಪಾಲಿಸಿಯಲ್ಲಿ ಸೇರಿದ ಅವಘಡವೊಂದು ನಡೆದು, ಅದರ ಕಾರಣದಿಂದಲೇ, ಏಳು ದಿನದೊಳಗೆ ಆದ ಕಳವಾಗಿರಬೇಕು. ಬೆಂಕಿ ಬಿದ್ದ ಮನೆಯಿಂದ ಸಾಮಾನು ಹೊತ್ತೊಯ್ದರೆ ಪರಿಹಾರವುಂಟು. ಊರಿಗೆ ಹೋಗಿದ್ದಾಗ ಬೀಗ ಮುರಿದು ದೋಚಿದರೆ ಮೂಲ ಪಾಲಿಸಿಯಲ್ಲಿ ಏನೂ ಇಲ್ಲ. ಕನ್ನಗಳವಿಗೆ ಪ್ರತ್ಯೇಕ ರಕ್ಷೆಯನ್ನು ಕೇಳಿ ಸೇರಿಸಿಕೊಳ್ಳಬೇಕು. ಆಗಲೂ ಕಳ್ಳ ಬಲಪ್ರಯೋಗ ಮಾಡಿ ಒಳಹೊಕ್ಕ ಗುರುತು ಇರಬೇಕಾಗುತ್ತದೆ. ಪಾಲಿಸಿಯ ಮಾತು ಹಾಗಿದ್ದರೆ ಬಲಪ್ರಯೋಗವಿಲ್ಲದ ಕಳವು ಕನ್ನಗಳವಾಗದು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಅರಿಶಿನ ಕುಂಕುಮಕ್ಕೆಂದು ಸಂಜೆಯಿಡೀ ತೆರೆದಿಟ್ಟ ಬಾಗಿಲಿನಿಂದ ಬಂದವರು ದೇವರ ಮುಂದಿನ ಸರ ಎತ್ತಿಕೊಂಡು ಹೋದರೆ, ಕನ್ನಗಳವಿನ ವಿಮೆ ಇದ್ದವರಿಗೂ ತಗಾದೆ ತಪ್ಪಿದ್ದಲ್ಲ. ನಗದಿಗಂತೂ ಮೂಲ ಪಾಲಿಸಿಯಲ್ಲಿ ಜಾಗವೇ ಇಲ್ಲ.

ಒಡವೆಯನ್ನು ಅದೇ ಪಾಲಿಸಿಯಲ್ಲಿ ಬೆಲೆಬಾಳುವ ವಸ್ತುಗಳ ಐಚ್ಛಿಕ ರಕ್ಷೆಯಡಿ ಸೇರಿಸಬಹುದು. ಒಟ್ಟು ಮೌಲ್ಯ 5 ಲಕ್ಷದೊಳಗೆ, ಒಂದೊಂದು ಒಡವೆ 1 ಲಕ್ಷದೊಳಗೆ ಇದ್ದರೆ ಮೌಲ್ಯಮಾಪಕರ ಪ್ರಮಾಣಪತ್ರ ಬೇಕಿಲ್ಲ. ಈಗಿನ ಬೆಲೆಯಲ್ಲಿ ಒಂದು ಜೊತೆ ಬಳೆಯೇ ಈ ಗಡಿ ದಾಟುತ್ತದೆ. ಆದ್ದರಿಂದ ಪ್ರಮಾಣಪತ್ರ ಮಾಡಿಸಿಡುವುದೇ ಒಳ್ಳೆಯದು. ದೇವರ ಮುಂದೆ ಎಲ್ಲ ಒಡವೆ ಇಡಲೇಬೇಕೆಂಬ ವಿಧಿ ಎಲ್ಲೂ ಇಲ್ಲ ಎನ್ನುವುದನ್ನೂ ಹೇಳಬೇಕು. ಒಂದು ಬೆಳ್ಳಿಯ ನಾಣ್ಯಕ್ಕೂ ಲಕ್ಷ್ಮಿ ಒಲಿಯುತ್ತಾಳೆ. ಪೂಜೆಯ ಫೋಟೊವನ್ನು ಆ ರಾತ್ರಿಯೇ ಊರಿಗೆಲ್ಲ ಕಳಿಸುವುದು ಮಾತ್ರ ಮನೆಯಲ್ಲಿ ಏನಿದೆ ಎಂದು ಕಾಣದ ಕಣ್ಣುಗಳಿಗೆ ತೋರಿಸಿಕೊಟ್ಟಂತೆ. ಊರಿಗೆ ಹೋಗುವವರು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ ಹೋದರೆ ಗಸ್ತಿನವರ ಕಣ್ಣು ಆ ಬೀದಿಯ ಮೇಲೆ ಇರುತ್ತದೆ.

ಮನೆ ವಿಮೆಯಲ್ಲಿ ಇಲ್ಲದ್ದನ್ನು ಹೇಳಿದ ಮೇಲೆ ಇರುವುದನ್ನೂ ಹೇಳುವುದು ನ್ಯಾಯ, ಏಕೆಂದರೆ ಅದು ಸಣ್ಣದಲ್ಲ. ವಿಮೆ ಮಾಡಿಸುವುದು ಮನೆಯ ಮಾರುಕಟ್ಟೆ ಬೆಲೆಗಲ್ಲ, ಮತ್ತೆ ಕಟ್ಟುವ ವೆಚ್ಚಕ್ಕೆ. ನಿವೇಶನ ಸುಡುವುದಿಲ್ಲವಲ್ಲ. 1,200 ಚದರಡಿಯ ಮನೆಗೆ ಚದರಡಿಗೆ 2,000 ರೂಪಾಯಿ ಎಂದು ಹಿಡಿದರೆ ವಿಮಾ ಮೊತ್ತ 24 ಲಕ್ಷ. ಇದರ ಶೇ 20, ಅಂದರೆ 4.8 ಲಕ್ಷದಷ್ಟು ಮನೆಯೊಳಗಿನ ಸಾಮಾನಿಗೆ ತಾನಾಗಿಯೇ ರಕ್ಷೆ ಸಿಗುತ್ತದೆ. ಫ್ರಿಜ್ಜು, ಸೋಫಾ, ಬಟ್ಟೆಬರೆಯ ಪಟ್ಟಿಯನ್ನೂ ಕೊಡಬೇಕಿಲ್ಲ. ಹೀಗೆ ಸಿಗುವ ರಕ್ಷೆಯ ಗರಿಷ್ಠ ಮಿತಿ 10 ಲಕ್ಷ. ಹಿಂದಿನ ಪಾಲಿಸಿಗಳಲ್ಲಿ 40 ಲಕ್ಷದ ಮನೆಗೆ 20 ಲಕ್ಷದ ವಿಮೆ ಮಾಡಿಸಿ 4 ಲಕ್ಷ ನಷ್ಟವಾದರೆ ಕಂಪನಿ ಅರ್ಧವನ್ನು ಕತ್ತರಿಸಿ 2 ಲಕ್ಷ ಕೊಡುತ್ತಿತ್ತು. ಈ ಕತ್ತರಿಯನ್ನು ಭಾರತ್ ಗೃಹ ರಕ್ಷಾ ಪೂರ್ತಿ ಕೈಬಿಟ್ಟಿದೆ. ಸೀರಿಯಲ್ ಸೆಟ್ಟಿನ ಶಾರ್ಟ್ ಸರ್ಕಿಟ್ಟಿನಿಂದ ಹೊತ್ತಿದ ಬೆಂಕಿ ಮನೆಗೆ ಹಬ್ಬಿದರೆ ಆ ಹಾನಿಗೆ ಪರಿಹಾರವಿದೆ. ಶಾರ್ಟ್ ಆದ ಉಪಕರಣದ ಬೆಲೆಯಷ್ಟೇ ಸಿಗದು. ಆ ಬೆಂಕಿ ಹೊತ್ತದಂತೆ ನೋಡಿಕೊಳ್ಳಲು ಒಂದು ಪ್ಲಗ್ಗಿಗೆ ಮೂರು ಎಕ್ಸ್‌ಟೆನ್ಷನ್ ಸಿಕ್ಕಿಸದಿರುವುದು, ಮನೆಯ ಮುಖ್ಯ ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನಾಗಿ ಆರುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸುವುದು, ಮಲಗುವ ಮುನ್ನ ಅಲಂಕಾರದ ದೀಪದ ಸ್ವಿಚ್ಚು ಆರಿಸುವುದು ನೆರವಾಗುತ್ತವೆ. ಬಾಡಿಗೆದಾರರು ಕಟ್ಟಡ ತಮ್ಮದಲ್ಲವೆಂದು ಸುಮ್ಮನಾಗುವುದು ಸರಿಯಲ್ಲ. ಮಾಲೀಕರ ವಿಮೆ ಮಾಲೀಕರ ಗೋಡೆಗೆ, ಬಾಡಿಗೆದಾರರ ಬೀರುವಿಗಲ್ಲ. ಸಾಮಾನಿಗೆ ಮಾತ್ರ ವಿಮೆ ಮಾಡಿಸಲು ಇದೇ ಪಾಲಿಸಿಯಲ್ಲಿ ಅವಕಾಶವಿದೆ. ಗೃಹಸಾಲ ಪಡೆದವರು ಸಾಲದ ಕಡತದಲ್ಲಿರುವ ಪಾಲಿಸಿಯನ್ನೊಮ್ಮೆ ತೆಗೆದು ಓದಬೇಕು. ಕೆಲವರ ಕಡತದಲ್ಲಿ ಕಟ್ಟಡದ ವಿಮೆ ಇರುತ್ತದೆ, ಅದು ಅವರಿಗೇ ಗೊತ್ತಿರುವುದಿಲ್ಲ. ಇನ್ನು ಕೆಲವರು ಮನೆ ವಿಮೆ ಎಂದುಕೊಂಡದ್ದು ಸಾಲಗಾರನ ಜೀವಕ್ಕೆ ಮಾಡಿಸಿದ ವಿಮೆಯಾಗಿರುತ್ತದೆ, ಅದರಿಂದ ಸುಟ್ಟ ಚಾವಣಿಗೆ ಒಂದು ಹಂಚೂ ಸಿಗದು.

ವಾಹನದ್ದೂ ಇದೇ ಕಥೆ. ಆಯುಧಪೂಜೆಯಲ್ಲಿ ಕುಂಬಳಕಾಯಿ ಒಡೆಸಿಕೊಂಡ ಬೈಕು ದೀಪಾವಳಿಯ ರಾತ್ರಿ ಬೀದಿಬದಿಯಲ್ಲಿ ನಿಂತಿರುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಹಾನಿಯ ಭಾಗ ಮಾತ್ರ ಹಲವರ ಪಾಲಿಗೆ ಒಂದೇ ವರ್ಷಕ್ಕೆ ಮುಗಿದುಹೋಗುತ್ತದೆ, ವಿಮೆ ಇನ್ನೂ ಇದೆ ಎಂಬ ನಂಬಿಕೆ ಉಳಿದಿರುತ್ತದೆ. ಥರ್ಡ್ ಪಾರ್ಟಿ ವಿಮೆ ಕಾಯುವುದು ನಮ್ಮ ಬೈಕಿನಿಂದ ಹಾನಿಗೊಳಗಾದ ಬೇರೆಯವರನ್ನು. ಪಟಾಕಿ ಬಿದ್ದು ಸೀಟು ಸುಟ್ಟರೆ ಅದು ಬಾಯಿ ತೆರೆಯುವುದಿಲ್ಲ. ಮನೆ ವಿಮೆಯೂ ವಾಹನವನ್ನು ಹೊರಗಿಟ್ಟಿದೆ. ಜಾನುವಾರಿನದ್ದೂ ಹೀಗೇ: ದೀಪಾವಳಿಯೇ ದೊಡ್ಡಹಬ್ಬವಾದ ಮಲೆನಾಡಿನಲ್ಲಿ ಗೋಪೂಜೆಗೆ ನಿಲ್ಲುವ ಹಸುವಿಗೆ ಜಾನುವಾರು ವಿಮೆ ಇದ್ದರೂ ಗುರುತಿನ ಕಿವಿಯೋಲೆ ಬಿದ್ದುಹೋಗಿದ್ದರೆ ಪರಿಹಾರ ಸಿಗುವುದಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ ಹುಲ್ಲಿನ ಬಣವೆ ಇರುವ ಊರುಗಳಲ್ಲಿ ಇದನ್ನು ಹಬ್ಬಕ್ಕೆ ಮೊದಲೇ ನೋಡಿಕೊಳ್ಳಬೇಕು.

ಕಾಗದದ ಆಸರೆಗಿಂತ ಎಚ್ಚರವೇ ಮುಖ್ಯವಾದ ಒಂದು ಅಪಾಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಾ ಹೋದಂತೆ ಒಳಗಿನ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅಡುಗೆ ಅನಿಲಕ್ಕೆ ಬೇಕೆಂದೇ ದುರ್ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗಲಿ ಎಂದು. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಗಳೂರಿನಲ್ಲಿ ಹೀಗೆ ಬಚ್ಚಲುಮನೆಯಲ್ಲೇ ಪ್ರಾಣ ಬಿಟ್ಟವರ ಸುದ್ದಿ ಮತ್ತೆ ಮತ್ತೆ ಬಂದಿದೆ. ಅಭ್ಯಂಜನದ ದಿನ ಐದಾರು ಮಂದಿ ಸಾಲಾಗಿ, ಬಾಗಿಲು ಮುಚ್ಚಿ, ಎಂದಿಗಿಂತ ಹೆಚ್ಚು ಹೊತ್ತು ಬಿಸಿನೀರು ಹುಯ್ದುಕೊಳ್ಳುತ್ತಾರೆ. ಗೀಸರನ್ನು ಬಚ್ಚಲಿನ ಹೊರಗೆ ಗಾಳಿಯಾಡುವ ಜಾಗಕ್ಕೆ ಸ್ಥಳಾಂತರಿಸುವುದೇ ಸರಿಯಾದ ಪರಿಹಾರ. ಅದು ಆಗದವರು ಒಬ್ಬರ ಸ್ನಾನ ಮುಗಿದ ಮೇಲೆ ಗೀಸರ್ ಆರಿಸಿ ಬಾಗಿಲು, ಗವಾಕ್ಷಿ ತೆರೆದು ಗಾಳಿ ಆಡಲು ಬಿಡಬೇಕು, ಅಥವಾ ಬಕೆಟ್ಟಿಗೆ ನೀರು ತುಂಬಿಸಿ ಗೀಸರ್ ಆರಿಸಿದ ಮೇಲೆ ಒಳಗೆ ಹೋಗಬೇಕು. ತಲೆಸುತ್ತು, ವಾಕರಿಕೆ ಬಂದರೆ ಹಬ್ಬದ ಉಪವಾಸದ ಆಯಾಸ ಎಂದುಕೊಳ್ಳದೆ ಕೂಡಲೇ ಹೊರಗೆ ಬರಬೇಕು.

ಇಷ್ಟೆಲ್ಲ ಹೇಳಿದಾಗ ಬರುವ ಮೊದಲ ಆಕ್ಷೇಪ, ಹಬ್ಬದ ಹೊತ್ತಿನಲ್ಲಿ ಬೆಂಕಿ, ಸಾವು, ಕಳವಿನ ಮಾತು ಅಶುಭ ಎನ್ನುವುದು. ಈ ಭಾವನೆಯನ್ನು ತಳ್ಳಿಹಾಕಬೇಕಿಲ್ಲ. ಆದರೆ ನಮ್ಮ ಹಬ್ಬಗಳ ಆಚರಣೆಯಲ್ಲೇ ಮುನ್ನೆಚ್ಚರಿಕೆ ಬೆರೆತಿದೆ. ನೀರು ತುಂಬುವ ಹಬ್ಬವೆಂದರೆ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಬೆಳಗಿನ ಸ್ನಾನಕ್ಕೆ ಬೇಕಾದ ನೀರನ್ನು ಹಿಂದಿನ ದಿನವೇ ತುಂಬಿಡುವುದು. ಮಕ್ಕಳಿಗೆ ದೃಷ್ಟಿ ತೆಗೆಯುತ್ತೇವೆ, ಆಯುಧಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ ಪೂಜಿಸುತ್ತೇವೆ. ಕೆಡುಕು ಬರಬಹುದು ಎಂದು ಒಪ್ಪಿಕೊಂಡು ಸಜ್ಜಾಗುವುದನ್ನು ನಮ್ಮ ಹಿರಿಯರು ಅಶುಭವೆಂದು ಎಣಿಸಿದ್ದರೆ ಈ ಯಾವ ಆಚರಣೆಯೂ ಇರುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ವಿಮಾ ಕಂಪನಿಗಳು ಕಂತು ಪಡೆಯುವಾಗ ನಗುತ್ತವೆ, ಕ್ಲೇಮು ಕೇಳಿದಾಗ ಕಾಗದ ಕೇಳುತ್ತವೆ. ಜನರ ಈ ಅನುಭವ ಸುಳ್ಳಲ್ಲ. ನಮ್ಮ ದೇಶದಲ್ಲಿ ಜೀವೇತರ ವಿಮೆಯ ಒಟ್ಟು ಕಂತು 2023-24ರಲ್ಲಿ ಒಟ್ಟು ಆಂತರಿಕ ಉತ್ಪನ್ನದ ಶೇ 1ರಷ್ಟೇ ಇದ್ದುದರಲ್ಲಿ ಈ ಅಪನಂಬಿಕೆಯ ಪಾಲೂ ಇದೆ. ಆದರೆ ಗ್ರಾಹಕನ ಕೈಯಲ್ಲಿರುವ ಸಾಧನಗಳು ಈಚೆಗೆ ಹೆಚ್ಚಿವೆ. ದಾಖಲೆ ಇಲ್ಲವೆಂಬ ಒಂದೇ ನೆಪಕ್ಕೆ ಕ್ಲೇಮು ತಿರಸ್ಕರಿಸಬಾರದು ಎಂದು ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನ ಸುತ್ತೋಲೆಯಲ್ಲಿ ಹೇಳಿದೆ. ಸರ್ವೆಯರ್ ನೇಮಕಕ್ಕೂ ವರದಿಗೂ ತೀರ್ಮಾನಕ್ಕೂ ಗಡುವು ಹಾಕಿದೆ. ಕಂಪನಿ ಒಂದು ತಿಂಗಳಲ್ಲಿ ದೂರಿಗೆ ಸರಿಯಾದ ಉತ್ತರ ಕೊಡದಿದ್ದರೆ ವಿಮಾ ಲೋಕಪಾಲರ ಬಳಿ ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗೆ ಪರಿಹಾರ ಆದೇಶಿಸುವ ಅಧಿಕಾರ ಅವರಿಗಿದೆ. ಪ್ರಾಧಿಕಾರದ ದೂರು ಸಂಖ್ಯೆ 155255. ಹಬ್ಬಕ್ಕೆ ಮೊದಲು ಮನೆಯ ಒಂದೊಂದು ಕೋಣೆಯನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ, ದುಬಾರಿ ವಸ್ತುಗಳ ಬಿಲ್ಲಿನ ಚಿತ್ರ ತೆಗೆದು, ಮನೆಯ ಹೊರಗಿರುವ ಯಾರಿಗಾದರೂ ಕಳಿಸಿಟ್ಟರೆ ಬೂದಿಯ ಮುಂದೆ ನಿಂತು ಲೆಕ್ಕ ಕೊಡುವ ಕಷ್ಟ ತಪ್ಪುತ್ತದೆ.

ವಿಮೆ ಇದ್ದರೆ ಜನ ಅಜಾಗರೂಕರಾಗುತ್ತಾರೆ ಎನ್ನುವವರೂ ಇದ್ದಾರೆ. ದೊಡ್ಡ ಉದ್ದಿಮೆಗಳ ಲೆಕ್ಕದಲ್ಲಿ ಇದು ನಿಜವಿರಬಹುದು. ಸ್ವಂತ ಮಗುವಿನ ಮೈ ಸುಡಬಹುದಾದ ಮನೆಯಲ್ಲಿ ಯಾರೂ ಪಾಲಿಸಿ ನೆನೆದು ಬೆಂಕಿ ಹಚ್ಚುವುದಿಲ್ಲ. ನಮ್ಮಲ್ಲಿ ಎಚ್ಚರ ತಪ್ಪುವುದು ನೆರೆಯವರ ವಿಷಯದಲ್ಲಿ. ನಾವು ಹಾರಿಸಿದ ರಾಕೆಟ್ಟು ಎದುರುಮನೆಯ ಬಾಲ್ಕನಿಯಲ್ಲಿ ಒಣಗಿದ್ದ ಬಟ್ಟೆಗೆ ಹತ್ತಿದರೆ ಹೊಣೆ ಯಾರದು? ನಮ್ಮದೇ. ಬೆಂಕಿ ಮತ್ತು ಸ್ಫೋಟಕಗಳನ್ನು ನಿರ್ಲಕ್ಷ್ಯದಿಂದ ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 287 ಮತ್ತು 288ನೇ ಕಲಮಿನಡಿ ಅಪರಾಧ. ಅದಲ್ಲದೆ ನಷ್ಟಭರ್ತಿಗೆ ಸಿವಿಲ್ ದಾವೆಯೂ ಹೂಡಬಹುದು. ನಮ್ಮ ಮೂಲ ಮನೆ ವಿಮೆ ಈ ಹೊಣೆಯನ್ನು ಹೊರುವುದಿಲ್ಲ. ಎದುರುಮನೆಯವರಿಗೆ ವಿಮೆ ಇದ್ದರೆ ಅವರ ಕಂಪನಿ ಅವರಿಗೆ ಹಣ ಕೊಟ್ಟು, ಅದನ್ನು ನಮ್ಮಿಂದ ವಸೂಲು ಮಾಡಲು ಬರಬಹುದು. ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲಿ ಹಸಿರು ಪಟಾಕಿಗೆ ಮಾತ್ರ, ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಅನುಮತಿ ಎಂದಿತು. ಅದು ಗಾಳಿಯ ಮಾಲಿನ್ಯ ತಡೆಯಲು ಬಂದ ತೀರ್ಪು. ಆದರೂ ಬೀದಿಯವರೆಲ್ಲ ಮಾತಾಡಿಕೊಂಡು ಒಂದು ಬಯಲಿನಲ್ಲಿ, ಒಂದು ಹೊತ್ತಿನಲ್ಲಿ, ಮರಳು ನೀರಿನ ಬಕೆಟ್ಟು ಇಟ್ಟುಕೊಂಡು ಹಚ್ಚುವುದಕ್ಕೆ ಅದೇ ಒಂದು ಚೌಕಟ್ಟಾಗಬಲ್ಲದು.

ಬಡವರಿಗೆ ವಿಮೆಯ ಮಾತೇ ದುಬಾರಿ, ಅನಾಹುತವಾದರೆ ಸರ್ಕಾರ ಕೊಡುತ್ತದಲ್ಲ ಎನ್ನುವ ವಾದಕ್ಕೆ ಉತ್ತರ ಸುಲಭವಲ್ಲ. ವಿಕೋಪ ಪರಿಹಾರ ನಿಧಿಯ 2022-26ರ ಮಾನದಂಡದಂತೆ ಬಯಲುಸೀಮೆಯಲ್ಲಿ ಪೂರ್ತಿ ಹಾಳಾದ ಮನೆಗೆ 1.2 ಲಕ್ಷ, ಸಾವಿಗೆ 4 ಲಕ್ಷ ರೂಪಾಯಿ. 1.2 ಲಕ್ಷಕ್ಕೆ ಇಂದು ಒಂದು ಕೋಣೆಯೂ ಏಳುವುದಿಲ್ಲ. ಒಂದು ಮನೆಯ ಬೆಂಕಿಯನ್ನು ವಿಕೋಪವೆಂದು ಪರಿಗಣಿಸುತ್ತಾರೆಯೇ ಎನ್ನುವುದೂ ಅಧಿಕಾರಿಗಳ ವಿವೇಚನೆಗೆ ಬಿಟ್ಟದ್ದು. ಪರಿಹಾರ ಧನ ದಯೆಯಿಂದ ಬರುತ್ತದೆ, ವಿಮೆಯ ಹಣ ಹಕ್ಕಿನಿಂದ ಬರುತ್ತದೆ. ಬಡವರಿಗೆ ಈ ಹಕ್ಕನ್ನು ಸರ್ಕಾರವೇ ಕೊಡಿಸಬಹುದು, ಅದಕ್ಕೆ ದಾರಿಗಳೂ ಇವೆ. ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು, ಮನೆ ವಿಮೆಯ ಮೇಲೆ ಶೇ 18 ಉಳಿದುಕೊಂಡಿತು. ಸಣ್ಣ ಮನೆಗಳಿಗಾದರೂ ಅದನ್ನು ತೆಗೆಯಬೇಕು. ಅನಿಲ ಅವಘಡದ ವಿಮೆಯ ವಿವರವನ್ನು ಪ್ರತಿ ಸಿಲಿಂಡರಿನ ರಸೀದಿಯ ಬೆನ್ನಿಗೆ ಕನ್ನಡದಲ್ಲಿ ಅಚ್ಚು ಹಾಕಲು ಕಾಸು ಖರ್ಚಿಲ್ಲ. ಸುರಕ್ಷಾ ಬಿಮಾ ಯೋಜನೆಯನ್ನು ಶಾಲಾ ಮಕ್ಕಳಿಗೂ ವಿಸ್ತರಿಸಬೇಕು.

ಈ ಹಕ್ಕು ಪಟಾಕಿ ಅಂಗಡಿಗಳಲ್ಲಿ ದುಡಿಯುವವರಿಗೂ ಬೇಕು. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಲಾರಿಯಿಂದ ಪಟಾಕಿ ಇಳಿಸುತ್ತಿದ್ದಾಗ ಹೊತ್ತಿದ ಬೆಂಕಿಗೆ ಅಂಗಡಿಯೂ ದಾಸ್ತಾನೂ ಆಹುತಿಯಾಗಿ ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಹಬ್ಬದ ಹಂಗಾಮಿನಲ್ಲಿ ನಾಲ್ಕು ಕಾಸು ಸಂಪಾದಿಸಲು ತಮಿಳುನಾಡಿನಿಂದ ಬಂದ ಹುಡುಗರೇ ಅವರಲ್ಲಿ ಹೆಚ್ಚು, ಓದುತ್ತಿದ್ದವರೂ ಇದ್ದರು. ನಮ್ಮ ಮನೆಗಳಿಗೆ ಬರುವ ಪಟಾಕಿಯ ಚೀಲ ಅಂಥ ಹುಡುಗರ ಕೈ ದಾಟಿಯೇ ಬರುತ್ತದೆ. ಸತ್ತವರ ಕುಟುಂಬಗಳಿಗೆ ಕರ್ನಾಟಕ ಸರ್ಕಾರ ತಲಾ 5 ಲಕ್ಷ, ತಮಿಳುನಾಡು ಸರ್ಕಾರ ತಲಾ 3 ಲಕ್ಷ ರೂಪಾಯಿ ಪರಿಹಾರ ಘೋಷಿಸಿದವು. ಅದು ಘೋಷಣೆಯಿಂದ ಬಂದ ಹಣ, ಹಕ್ಕಿನಿಂದಲ್ಲ. 2008ರ ಸ್ಫೋಟಕ ನಿಯಮಗಳು ತಾತ್ಕಾಲಿಕ ಪಟಾಕಿ ಮಳಿಗೆ ಬೇಗ ಉರಿಯದ ವಸ್ತುವಿನಿಂದ ಕಟ್ಟಿರಬೇಕು, ಮಳಿಗೆಯಿಂದ ಮಳಿಗೆಗೆ ಕನಿಷ್ಠ 3 ಮೀಟರ್ ಅಂತರವಿರಬೇಕು ಎನ್ನುತ್ತವೆ. ಪರವಾನಗಿ ಕೊಡುವ ಅಧಿಕಾರಿ ಟೇಪು ಹಿಡಿದು ಆ ಅಂತರ ಅಳೆಯುವ ಹೊತ್ತಿನಲ್ಲೇ, ಅಂಗಡಿಯಲ್ಲಿ ಕೆಲಸಕ್ಕಿರುವ ಪ್ರತಿಯೊಬ್ಬರ ಹೆಸರಿನ ಅಪಘಾತ ವಿಮೆಯ ರಸೀದಿಯನ್ನೂ ಕೇಳಬೇಕು. ರಸೀದಿ ಇಲ್ಲದ ಅಂಗಡಿಗೆ ಆ ವರ್ಷ ಪರವಾನಗಿ ಕೊಡಬಾರದು.